ಇಂಗ್ಲಿಷ್ ಕ್ರಿಯಾಪದದ ಆ ಒಂದು ‘ಎಸ್’ ಎಲ್ಲಿ ಬರುತ್ತದೆ, ಯಾಕೆ ಬರುತ್ತದೆ?

‘ದಿ ಲಿಸ್ಟ್ ಆಫ್ ನೇಮ್ಸ್ ಆರ್ ರೆಡಿ’ ಎಂದು ಟೈಪ್ ಮಾಡಿ ನೋಡಿ. ನಿಮ್ಮ ಕಂಪ್ಯೂಟರಿನಲ್ಲಿ ವ್ಯಾಕರಣ ನೋಡುವ ಸಾಫ್ಟ್‌ವೇರ್ ಇದ್ದರೆ ‘ಆರ್’ ಕೆಳಗೆ ಒಂದು ಗೆರೆ ಬೀಳುವ ಸಾಧ್ಯತೆ ಜಾಸ್ತಿ. ಅದರ ಮೇಲೆ ಒತ್ತಿದರೆ ‘ಈಸ್’ ಹಾಕಿ ಅನ್ನುತ್ತದೆ. ಹೆಸರುಗಳು ಹಲವು ಇವೆ, ‘ನೇಮ್ಸ್’ ಬಹುವಚನ, ‘ಆರ್’ ಕೂಡ ಬಹುವಚನವೇ. ಮತ್ತೆ ತಪ್ಪೇನು?

ಕೆಲಸಕ್ಕೆ ಅರ್ಜಿ ಬರೆಯುವಾಗ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ, ಆಫೀಸಿನ ಇಮೇಲ್ ಕಳಿಸುವ ಮುಂಚೆ ಇನ್ನೊಮ್ಮೆ ಓದಿಕೊಳ್ಳುವಾಗ ಇಂಥ ಅನುಮಾನ ಬಂದೇ ಬರುತ್ತದೆ. ಶಾಲೆಯಲ್ಲಿ ಇದನ್ನು ‘ಸಬ್ಜೆಕ್ಟ್ ವರ್ಬ್ ಅಗ್ರಿಮೆಂಟ್’ ಎಂಬ ಹೆಸರಿನಲ್ಲಿ ಒಂದು ಉದ್ದನೆಯ ಪಟ್ಟಿಯಾಗಿ ಕಲಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಪಟ್ಟಿ ಮರೆತುಹೋಗುತ್ತದೆ. ನನ್ನ ಪ್ರಕಾರ ಅಷ್ಟೊಂದು ನಿಯಮಗಳ ಅಗತ್ಯವೇ ಇಲ್ಲ. ಮಾಡಬೇಕಾದ್ದು ಎರಡೇ ಕೆಲಸ. ವಾಕ್ಯದ ಕರ್ತೃ ಯಾವುದು ಎಂದು ಹುಡುಕಬೇಕು. ಅದನ್ನು ಇಂಗ್ಲಿಷ್ ಒಂದು ಎಂದು ಎಣಿಸುತ್ತದೋ ಹಲವು ಎಂದು ಎಣಿಸುತ್ತದೋ ನೋಡಬೇಕು. ಕಷ್ಟ ಇರುವುದು ಮೊದಲನೆಯದರಲ್ಲಿ.

## ಕನ್ನಡದವರಿಗೆ ಇದು ಹೊಸದೇನಲ್ಲ

ಮೊದಲು ಎರಡು ಪದಗಳನ್ನು ಸ್ಪಷ್ಟ ಮಾಡಿಕೊಳ್ಳೋಣ. ಯಾರ ಬಗ್ಗೆ ಅಥವಾ ಯಾವುದರ ಬಗ್ಗೆ ವಾಕ್ಯ ಹೇಳುತ್ತಿದೆಯೋ ಅದು ಕರ್ತೃ. ಅವರು ಏನು ಮಾಡಿದರು, ಅದು ಹೇಗಿದೆ ಎಂದು ಹೇಳುವುದು ಕ್ರಿಯಾಪದ. ಕರ್ತೃ ಬದಲಾದಂತೆ ಕ್ರಿಯಾಪದದ ರೂಪವೂ ಬದಲಾಗುವುದಕ್ಕೆ ಹೊಂದಾಣಿಕೆ ಎನ್ನೋಣ.

ಈ ಹೊಂದಾಣಿಕೆಯನ್ನು ನಾವು ದಿನವಿಡೀ ಮಾಡುತ್ತಲೇ ಇರುತ್ತೇವೆ. ನಾನು ಬರುತ್ತೇನೆ, ನೀನು ಬರುತ್ತೀಯ, ಅವನು ಬರುತ್ತಾನೆ, ಅವಳು ಬರುತ್ತಾಳೆ, ಅದು ಬರುತ್ತದೆ, ನಾವು ಬರುತ್ತೇವೆ, ನೀವು ಬರುತ್ತೀರಿ, ಅವರು ಬರುತ್ತಾರೆ, ಅವು ಬರುತ್ತವೆ. ಒಂಬತ್ತು ಕರ್ತೃಗಳಿಗೆ ಒಂಬತ್ತು ರೂಪ! ಗಂಡೋ ಹೆಣ್ಣೋ ಎನ್ನುವುದನ್ನೂ ನಮ್ಮ ಕ್ರಿಯಾಪದವೇ ಹೇಳಿಬಿಡುತ್ತದೆ. ಹಾಗಾಗಿ ‘ನಾಳೆ ಬರ್ತಾಳೆ’ ಎಂದರೆ ಸಾಕು, ‘ಅವಳು’ ಎಂದು ಬೇರೆ ಹೇಳಬೇಕಾಗಿಲ್ಲ.

ಇಂಗ್ಲಿಷ್‌ನಲ್ಲಿ ಇದೇ ಪಟ್ಟಿ ಎಷ್ಟು ಚಿಕ್ಕದು ನೋಡಿ. ಐ ಕಮ್, ಯು ಕಮ್, ವಿ ಕಮ್, ದೇ ಕಮ್. ಹಿ, ಶಿ, ಇಟ್ ಬಂದಾಗ ಮಾತ್ರ ‘ಕಮ್ಸ್’. ಎರಡೇ ರೂಪ. ಕ್ರಿಯಾಪದದಿಂದ ಕರ್ತೃ ಯಾರೆಂದು ತಿಳಿಯುವುದಿಲ್ಲವಾದ್ದರಿಂದ ಇಂಗ್ಲಿಷ್ ಬರವಣಿಗೆಯಲ್ಲಿ ಕರ್ತೃವನ್ನು ಸುಮ್ನೆ ಬಿಟ್ಟುಬಿಡಲು ಆಗುವುದಿಲ್ಲ.

ಎಲ್ಲ ಭಾಷೆಗಳಲ್ಲೂ ಈ ಹೊಂದಾಣಿಕೆ ಇದೆ ಎಂದುಕೊಳ್ಳಬೇಡಿ. ನಮ್ಮ ಪಕ್ಕದ ಮಲಯಾಳಂನಲ್ಲಿ ‘ಞಾನ್ ವರುಂ, ಅವನ್ ವರುಂ, ಅವರ್ ವರುಂ’ ಎಂದು ಎಲ್ಲರಿಗೂ ಒಂದೇ ರೂಪ. ಚೀನಿ, ಜಪಾನಿ ಭಾಷೆಗಳಲ್ಲೂ ಕರ್ತೃ ಏಕವಚನವೋ ಬಹುವಚನವೋ ನೋಡಿ ಕ್ರಿಯಾಪದ ಬದಲಾಗುವುದಿಲ್ಲ. ಆ ಭಾಷೆಯವರು ಈ ‘ಎಸ್’ ಜೊತೆಗೆ ಹೊಂದಾಣಿಕೆ ಎಂಬ ವಿಚಾರವನ್ನೇ ಹೊಸದಾಗಿ ಕಲಿಯಬೇಕು. ನಮಗೆ ಆ ಕಷ್ಟವಿಲ್ಲ.

## ಈ ‘ಎಸ್’ ಒಂದೇ ಯಾಕೆ ಉಳಿಯಿತು?

ಹಳೆಯ ಇಂಗ್ಲಿಷ್‌ನಲ್ಲೂ ಕ್ರಿಯಾಪದಕ್ಕೆ ಬೇರೆ ಬೇರೆ ಪ್ರತ್ಯಯಗಳಿದ್ದವು. ಕಾಲ ಕಳೆದಂತೆ ಅವು ಸವೆದುಹೋದವು. 1611ರಲ್ಲಿ ಬಂದ ಕಿಂಗ್ ಜೇಮ್ಸ್ ಬೈಬಲ್ ಅನುವಾದದಲ್ಲಿ ‘ಹಿ ಗೋಯೆತ್’ ಎಂಬ ರೂಪವೇ ಇದೆ. ‘ನೀನು’ ಎನ್ನುವುದಕ್ಕೆ ‘ದೌ’ ಎಂಬ ಪದವಿತ್ತು, ಅದಕ್ಕೆ ‘ಗೋಯೆಸ್ಟ್’ ಎಂಬ ಇನ್ನೊಂದು ರೂಪ. ‘ಎಸ್’ ಇರುವ ರೂಪ ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನಿಂದ ಬಂದದ್ದು. ಅದು ನಿಧಾನವಾಗಿ ದಕ್ಷಿಣಕ್ಕೂ ಹರಡಿ ‘ಎತ್’ ಜಾಗವನ್ನು ಹಿಡಿಯಿತು. ‘ದೌ’ ದಿನಬಳಕೆಯಿಂದ ಹೋದಾಗ ಅದರ ಜೊತೆಗಿದ್ದ ರೂಪವೂ ಹೋಯಿತು.

ಆ ಜಾಗಕ್ಕೆ ಬಂದದ್ದು ‘ಯು’. ಅದು ಮೂಲದಲ್ಲಿ ಬಹುವಚನ, ನಮ್ಮ ‘ನೀವು’ ಇದ್ದಹಾಗೆ. ಒಬ್ಬರನ್ನೇ ಉದ್ದೇಶಿಸಿ ಮಾತಾಡುವಾಗಲೂ ‘ಯು ಈಸ್’ ಅನ್ನದೆ ‘ಯು ಆರ್’ ಅನ್ನುವುದು ಇದಕ್ಕೇ. ನಾವೂ ಎದುರಿಗಿರುವ ಒಬ್ಬರಿಗೇ ‘ನೀವು ಬಂದಿದ್ದೀರಿ’ ಅನ್ನುತ್ತೇವೆ, ಅಲ್ವಾ? ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬ ವ್ಯಕ್ತಿಯನ್ನು ‘ದೇ’ ಎಂದು ಕರೆದಾಗಲೂ ‘ದೇ ಆರ್’ ಎಂದೇ ಬರೆಯುತ್ತಾರೆ.

ಒಟ್ಟಿನಲ್ಲಿ ಈಗ ಉಳಿದಿರುವುದು ಇಷ್ಟು. ವರ್ತಮಾನ ಕಾಲದಲ್ಲಿ ಕರ್ತೃ ಥರ್ಡ್ ಪರ್ಸನ್ ಏಕವಚನವಾಗಿದ್ದರೆ ಕ್ರಿಯಾಪದಕ್ಕೆ ‘ಎಸ್’. ನಾನೂ ಅಲ್ಲದ, ನೀನೂ ಅಲ್ಲದ ಮೂರನೆಯವರು ಥರ್ಡ್ ಪರ್ಸನ್. ಕನ್ನಡ ವ್ಯಾಕರಣದಲ್ಲಿ ಇದನ್ನೇ ಪ್ರಥಮ ಪುರುಷ ಎನ್ನುತ್ತಾರೆ. ಹೆಸರು ಕೇಳಿ ‘ಫಸ್ಟ್ ಪರ್ಸನ್’ ಎಂದುಕೊಂಡರೆ ಎಲ್ಲ ತಲೆಕೆಳಗಾಗುತ್ತದೆ. ಭೂತಕಾಲದಲ್ಲಿ ತಲೆನೋವೇ ಇಲ್ಲ: ಹಿ ಕೇಮ್, ದೇ ಕೇಮ್. ‘ಬಿ’ ಕ್ರಿಯಾಪದ ಮಾತ್ರ ಹಳೆಯ ಶ್ರೀಮಂತಿಕೆಯನ್ನು ಸ್ವಲ್ಪ ಉಳಿಸಿಕೊಂಡಿದೆ. ವರ್ತಮಾನದಲ್ಲಿ ಆ್ಯಮ್, ಈಸ್, ಆರ್. ಭೂತದಲ್ಲಿ ವಾಸ್, ವರ್.

ಇಲ್ಲಿ ಒಂದು ಗೊಂದಲ ಸಹಜ. ನಾಮಪದಕ್ಕೆ ‘ಎಸ್’ ಹಚ್ಚಿದರೆ ಬಹುವಚನ, ಕ್ರಿಯಾಪದಕ್ಕೆ ‘ಎಸ್’ ಹಚ್ಚಿದರೆ ಏಕವಚನ! ‘ದಿ ಬಾಯ್ ರನ್ಸ್’, ಆದರೆ ‘ದಿ ಬಾಯ್ಸ್ ರನ್’. ಈ ಎರಡು ‘ಎಸ್’ಗಳಿಗೂ ಸಂಬಂಧವಿಲ್ಲ. ಬೇರೆ ಬೇರೆ ದಾರಿಯಲ್ಲಿ ಬಂದು ಈಗ ಒಂದೇ ಥರ ಕಾಣುತ್ತಿವೆ, ಅಷ್ಟೇ.

## ‘ಡಸ್’ ಮತ್ತು ‘ಕ್ಯಾನ್’ ಜೊತೆಗೆ

‘ಶಿ ಡಸ್ ನಾಟ್ ಕಮ್ಸ್’ ತಪ್ಪು. ವಾಕ್ಯದಲ್ಲಿ ಸಹಾಯಕ ಕ್ರಿಯಾಪದ ಬಂದರೆ ಹೊಂದಾಣಿಕೆಯ ಗುರುತು ಅದರ ಮೇಲೆ ಬೀಳುತ್ತದೆ. ‘ಡು’ ಹೋಗಿ ‘ಡಸ್’ ಆಗಿದೆ ಎಂದರೆ ‘ಎಸ್’ ಆಗಲೇ ಖರ್ಚಾಗಿದೆ. ಮುಖ್ಯ ಕ್ರಿಯಾಪದ ‘ಕಮ್’ ಆಗಿಯೇ ಉಳಿಯಬೇಕು. ಪ್ರಶ್ನೆಯಲ್ಲೂ ಹಾಗೇ: ‘ಡಸ್ ಶಿ ಕಮ್?’

ಕ್ಯಾನ್, ಮೇ, ಮಸ್ಟ್, ಶಲ್, ವಿಲ್ ಇವುಗಳಿಗೆ ‘ಎಸ್’ ಬರುವುದೇ ಇಲ್ಲ. ‘ಶಿ ಕ್ಯಾನ್ ಕಮ್’, ‘ದೇ ಕ್ಯಾನ್ ಕಮ್’. ಕ್ಯಾನ್, ಮೇ, ಶಲ್ ಬಹಳ ಹಿಂದೆ ಭೂತಕಾಲದ ರೂಪಗಳಾಗಿದ್ದವು. ಭೂತಕಾಲದ ಏಕವಚನಕ್ಕೆ ಆ ಪ್ರತ್ಯಯ ಇರಲಿಲ್ಲ. ಅರ್ಥ ವರ್ತಮಾನಕ್ಕೆ ಬಂದರೂ ರೂಪ ಹಳೆಯದೇ ಉಳಿಯಿತು. ಕನ್ನಡದಲ್ಲೂ ಇಂಥ ಜಾಗ ಇವೆ, ನಾವು ಗಮನಿಸುವುದಿಲ್ಲ. ನಾನು ಬರಬಹುದು, ಅವಳು ಬರಬಹುದು, ಅವರು ಬರಬಹುದು. ಬರಬೇಕು, ಬರಲಿಲ್ಲ ಕೂಡ ಹೀಗೆಯೇ. ಒಂಬತ್ತು ರೂಪಗಳ ಸಂಭ್ರಮ ಇಲ್ಲಿ ಪೂರ್ತಿ ಮಾಯ.

## ಕರ್ತೃವನ್ನು ಹುಡುಕುವುದು

ಈಗ ‘ದಿ ಲಿಸ್ಟ್ ಆಫ್ ನೇಮ್ಸ್’ಗೆ ಬರೋಣ. ಏನು ಸಿದ್ಧವಾಗಿದೆ? ಪಟ್ಟಿ. ಅದು ಒಂದೇ. ಹಾಗಾಗಿ ‘ಈಸ್’. ‘ಆಫ್ ನೇಮ್ಸ್’ ಎನ್ನುವುದು ಯಾವ ಪಟ್ಟಿ ಎಂದು ವಿವರಿಸುತ್ತದೆ, ಅಷ್ಟೇ. ಬಸ್ಸಿನಲ್ಲಿ ಎಷ್ಟೇ ಜನ ಕೂತಿರಲಿ, ಸ್ಟೀರಿಂಗ್ ಇರುವುದು ಡ್ರೈವರ್ ಕೈಯಲ್ಲಿ. ‘ನೇಮ್ಸ್’ ಇಲ್ಲಿ ಪ್ರಯಾಣಿಕ.

ಕನ್ನಡದಲ್ಲಿ ನಾವು ಈ ತಪ್ಪು ಮಾಡುವುದು ಅಪರೂಪ. ‘ಹೆಸರುಗಳ ಪಟ್ಟಿ ಸಿದ್ಧವಾಗಿದೆ’ ಎನ್ನುತ್ತೇವೆಯೇ ಹೊರತು ‘ಸಿದ್ಧವಾಗಿವೆ’ ಅನ್ನುವುದಿಲ್ಲ. ಪದಗಳ ಜೋಡಣೆ ನೋಡಿ. ಕನ್ನಡದಲ್ಲಿ ವಿವರಣೆ ಮೊದಲು, ಮುಖ್ಯ ಪದ ಆಮೇಲೆ. ‘ಪಟ್ಟಿ’ ಕ್ರಿಯಾಪದದ ಪಕ್ಕದಲ್ಲೇ ಬರುತ್ತದೆ. ಇಂಗ್ಲಿಷ್‌ನಲ್ಲಿ ಮುಖ್ಯ ಪದ ಮೊದಲು, ವಿವರಣೆ ಆಮೇಲೆ. ಕ್ರಿಯಾಪದದ ಪಕ್ಕ ಬಂದು ಕೂರುವುದು ಕರ್ತೃವಲ್ಲದ ಇನ್ನೊಂದು ನಾಮಪದ. ಕಿವಿ ಹತ್ತಿರದ್ದನ್ನೇ ಹಿಡಿದುಕೊಳ್ಳುತ್ತದೆ.

ಇದು ಇಂಗ್ಲಿಷ್ ಕಲಿಯುವವರ ದೌರ್ಬಲ್ಯ ಮಾತ್ರ ಅಲ್ಲ. 1991ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಕ್ಯಾಥ್ರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ ಇಂಗ್ಲಿಷ್ ಮಾತನಾಡುವವರಿಗೆ ವಾಕ್ಯದ ಮೊದಲ ತುಂಡನ್ನು ಕೊಟ್ಟು, ಉಳಿದದ್ದನ್ನು ಅವರೇ ಹೇಳಿ ಮುಗಿಸುವಂತೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ‘ದಿ ಕೀ ಟು ದಿ ಕ್ಯಾಬಿನೆಟ್ಸ್’ ಥರದ ತುಂಡುಗಳ ನಂತರ ಜನ ಆಗಾಗ ಬಹುವಚನದ ಕ್ರಿಯಾಪದ ಹೇಳಿಬಿಡುತ್ತಿದ್ದರು. ಕರ್ತೃ ಬಹುವಚನವಾಗಿ, ನಡುವಿನ ಪದ ಏಕವಚನವಾಗಿದ್ದರೆ ಅಷ್ಟು ಎಡವುತ್ತಿರಲಿಲ್ಲ. ಅಂದರೆ ನಡುವೆ ಬರುವ ಬಹುವಚನವೇ ಹೆಚ್ಚು ದಾರಿ ತಪ್ಪಿಸುತ್ತದೆ. ಬರೆದದ್ದನ್ನು ತಿದ್ದುವಾಗ ಕಣ್ಣಿಡಬೇಕಾದ ಜಾಗವೂ ಅದೇ.

ಒಂದು ಉದ್ದ ವಾಕ್ಯ ತೆಗೆದುಕೊಳ್ಳೋಣ. ‘ದಿ ಕ್ವಾಲಿಟಿ ಆಫ್ ದಿ ಫೋಟೋಸ್ ಟೇಕನ್ ವಿತ್ ದೀಸ್ ಕ್ಯಾಮೆರಾಸ್ ಡಿಪೆಂಡ್ಸ್ ಆನ್ ದಿ ಲೈಟ್.’ ಕ್ರಿಯಾಪದದ ಮುಂಚೆ ಕ್ಯಾಮೆರಾಗಳಿವೆ, ಅದಕ್ಕೂ ಮುಂಚೆ ಫೋಟೋಗಳಿವೆ. ಎರಡೂ ಬಹುವಚನ. ಈಗ ಇದನ್ನು ಕನ್ನಡದಲ್ಲಿ ಹೇಳಿ: ಈ ಕ್ಯಾಮೆರಾಗಳಲ್ಲಿ ತೆಗೆದ ಫೋಟೋಗಳ ಗುಣಮಟ್ಟ ಬೆಳಕಿನ ಮೇಲೆ ನಿಂತಿದೆ. ‘ಕ್ಯಾಮೆರಾಗಳಲ್ಲಿ’ ಎಂಬುದಕ್ಕೆ ‘ಅಲ್ಲಿ’ ಅಂಟಿದೆ. ‘ಫೋಟೋಗಳ’ ಎಂಬುದಕ್ಕೆ ‘ಅ’ ಅಂಟಿದೆ. ‘ಬೆಳಕಿನ’ ಕೂಡ ಹಾಗೆಯೇ. ಯಾವ ಪ್ರತ್ಯಯವೂ ಅಂಟದೆ ಬರಿದಾಗಿ ನಿಂತಿರುವುದು ‘ಗುಣಮಟ್ಟ’. ಅದೇ ಕರ್ತೃ, ಅದು ಏಕವಚನ, ಹಾಗಾಗಿ ‘ಡಿಪೆಂಡ್ಸ್’.

ಈ ಉಪಾಯ ಬಹಳಷ್ಟು ಕಡೆ ಕೆಲಸಕ್ಕೆ ಬರುತ್ತದೆ. ಕೈ ಕೊಡುವ ಜಾಗವೂ ಒಂದಿದೆ. ‘ಅವಳಿಗೆ ಎರಡು ಪುಸ್ತಕ ಬೇಕು’ ಎಂಬಲ್ಲಿ ಬರಿದಾಗಿ ನಿಂತಿರುವುದು ಪುಸ್ತಕ. ಆದರೆ ಇಂಗ್ಲಿಷ್‌ನಲ್ಲಿ ಕರ್ತೃವಾಗುವುದು ಅವಳು: ‘ಶಿ ನೀಡ್ಸ್ ಟೂ ಬುಕ್ಸ್’. ಬೇಕು, ಗೊತ್ತು, ಇಷ್ಟ ಎನ್ನುವ ಮಾತುಗಳಲ್ಲಿ ‘ಗೆ’ ಅಂಟಿದವರೇ ಇಂಗ್ಲಿಷ್‌ನ ಕರ್ತೃ.

‘ಅಲಾಂಗ್ ವಿತ್’, ‘ಟುಗೆದರ್ ವಿತ್’, ‘ಆ್ಯಸ್ ವೆಲ್ ಆ್ಯಸ್’ ಇವುಗಳ ಹಿಂದೆ ಬರುವವರೂ ಪ್ರಯಾಣಿಕರೇ. ‘ದಿ ಟೀಚರ್, ಅಲಾಂಗ್ ವಿತ್ ದಿ ಸ್ಟೂಡೆಂಟ್ಸ್, ಈಸ್ ಕಮಿಂಗ್.’ ಎಲ್ಲರೂ ಸೇರಿಯೇ ಬರುತ್ತಿರಬಹುದು, ಅದು ಬೇರೆ ಮಾತು. ವಾಕ್ಯ ಟೀಚರ್ ಬಗ್ಗೆ.

‘ಒನ್ ಆಫ್ ಮೈ ಫ್ರೆಂಡ್ಸ್’ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಲ್ಲಿ ಎರಡು ಥರ ಎಡವಬಹುದು. ಕೆಲವರು ‘ಒನ್ ಆಫ್ ಮೈ ಫ್ರೆಂಡ್ಸ್ ಆರ್’ ಎಂದು ಬರೆಯುತ್ತಾರೆ. ಇನ್ನು ಕೆಲವರು ‘ಒನ್’ ಇದೆಯಲ್ಲ ಎಂದು ‘ಒನ್ ಆಫ್ ಮೈ ಫ್ರೆಂಡ್ ಈಸ್’ ಮಾಡುತ್ತಾರೆ. ಗೆಳೆಯರಲ್ಲಿ ಒಬ್ಬ: ಗೆಳೆಯರು ಹಲವರು, ಬಂದವನು ಒಬ್ಬ. ಹಾಗಾಗಿ ‘ಫ್ರೆಂಡ್ಸ್’ಗೆ ‘ಎಸ್’ ಬೇಕು, ಕ್ರಿಯಾಪದ ‘ಈಸ್’ ಆಗಬೇಕು. ಆದರೆ ‘ಶಿ ಈಸ್ ಒನ್ ಆಫ್ ದೋಸ್ ಪೀಪಲ್ ಹು ವರ್ಕ್ ಅಟ್ ನೈಟ್’ ಎಂಬಲ್ಲಿ ‘ವರ್ಕ್’ಗೆ ‘ಎಸ್’ ಇಲ್ಲ. ರಾತ್ರಿ ಕೆಲಸ ಮಾಡುವ ಜನ ಹಲವರು, ಅವರಲ್ಲಿ ಇವಳೊಬ್ಬಳು. ‘ಹು’ ಹೇಳುವುದು ಆ ಜನರನ್ನು.

‘ದೇರ್’ ಇಂದ ಶುರುವಾಗುವ ವಾಕ್ಯದಲ್ಲಿ ಕರ್ತೃ ಕ್ರಿಯಾಪದದ ಆಚೆ ಇರುತ್ತದೆ. ‘ದೇರ್ ಆರ್ ಟೆನ್ ಬುಕ್ಸ್ ಆನ್ ದಿ ಟೇಬಲ್.’ ಇಲ್ಲಿ ನಮ್ಮ ಭಾಷೆಯೇ ಕಾಲೆಳೆಯುತ್ತದೆ. ‘ಮೇಜಿನ ಮೇಲೆ ಹತ್ತು ಪುಸ್ತಕ ಇದೆ’ ಎಂದು ಕನ್ನಡದಲ್ಲಿ ಆರಾಮಾಗಿ ಹೇಳುತ್ತೇವೆ. ಜನರ ವಿಷಯದಲ್ಲಿ ‘ಹತ್ತು ಜನ ಇದ್ದಾರೆ’ ಎನ್ನುವ ನಾವು ವಸ್ತುಗಳ ವಿಷಯದಲ್ಲಿ ‘ಗಳು’, ‘ಇವೆ’ ಎರಡನ್ನೂ ಬಿಟ್ಟುಬಿಡುತ್ತೇವೆ. ಹತ್ತು ಎಂದು ಹೇಳಿ ಆಗಿದೆಯಲ್ಲ ಎಂಬ ಧೋರಣೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಇಂಗ್ಲಿಷ್‌ನವರೇ ಮಾತಿನಲ್ಲಿ ‘ದೇರ್ಸ್ ಟೆನ್ ಬುಕ್ಸ್’ ಎನ್ನುವುದುಂಟು. ಬರವಣಿಗೆಯಲ್ಲಿ ಅದನ್ನು ತಪ್ಪು ಎಂದೇ ತಿದ್ದುತ್ತಾರೆ.

## ಒಂದೋ, ಹಲವೋ?

ಕರ್ತೃ ಸಿಕ್ಕಿತು. ಈಗ ಎಣಿಕೆ. ‘ಆ್ಯಂಡ್’ ಇದ್ದರೆ ಸಾಮಾನ್ಯವಾಗಿ ಬಹುವಚನ. ಎರಡು ಹೆಸರು ಒಬ್ಬರನ್ನೇ ಹೇಳುತ್ತಿದ್ದರೆ ಏಕವಚನ. ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವವರಿಗೆ ಬಲು ಇಷ್ಟವಾದ ಜಾಗ ಇದು. ‘ದಿ ಸೆಕ್ರೆಟರಿ ಆ್ಯಂಡ್ ಟ್ರೆಷರರ್ ಈಸ್’ ಎಂದರೆ ಎರಡೂ ಹುದ್ದೆ ಒಬ್ಬರದೇ. ‘ದಿ ಸೆಕ್ರೆಟರಿ ಆ್ಯಂಡ್ ದಿ ಟ್ರೆಷರರ್ ಆರ್’ ಎಂದರೆ ಇಬ್ಬರು. ಎರಡನೆಯ ‘ದಿ’ ಮೇಲೆ ಕಣ್ಣಿಡಿ.

‘ಐದರ್, ಓರ್’, ‘ನೈದರ್, ನಾರ್’ ಬಂದರೆ ಕ್ರಿಯಾಪದಕ್ಕೆ ಹತ್ತಿರ ಇರುವವರ ಮಾತು ನಡೆಯುತ್ತದೆ. ‘ನೈದರ್ ದಿ ಮ್ಯಾನೇಜರ್ ನಾರ್ ದಿ ಕ್ಲರ್ಕ್ಸ್ ಆರ್ ಹಿಯರ್.’ ತಿರುಗಿಸಿ ಬರೆದರೆ ‘ಈಸ್’ ಹಾಕಬೇಕಾಗುತ್ತದೆ, ಅದು ಕಿವಿಗೆ ಅಷ್ಟು ಸರಿಹೋಗುವುದಿಲ್ಲ. ಬಹುವಚನವನ್ನು ಕೊನೆಗೆ ಇಟ್ಟುಬಿಟ್ಟರೆ ತಂಟೆಯೇ ಇಲ್ಲ.

‘ಎವ್ರಿಒನ್’, ‘ಎವ್ರಿಬಡಿ’ ಕನ್ನಡದವರಿಗೆ ಹೇಳಿ ಮಾಡಿಸಿದ ಬಲೆ. ನಮಗೆ ‘ಎಲ್ಲರೂ ಬಂದಿದ್ದಾರೆ’. ಇಂಗ್ಲಿಷ್‌ನಲ್ಲಿ ‘ಎವ್ರಿಒನ್ ಹ್ಯಾಸ್ ಕಮ್’. ‘ಎಲ್ಲರೂ’ ಬದಲಿಗೆ ‘ಪ್ರತಿಯೊಬ್ಬನೂ ಬಂದಿದ್ದಾನೆ’ ಎಂದು ಮನಸ್ಸಿನಲ್ಲಿ ಹೇಳಿಕೊಂಡರೆ ಸರಿಯಾಗುತ್ತದೆ. ‘ಈಚ್’, ‘ಎವ್ರಿ’ ಎರಡಕ್ಕೂ ಇದೇ ಲೆಕ್ಕ. ‘ಎವ್ರಿ ಬಾಯ್ ಆ್ಯಂಡ್ ಗರ್ಲ್ ಹ್ಯಾಸ್ ಎ ಸೀಟ್’ ಎಂಬಲ್ಲಿ ‘ಆ್ಯಂಡ್’ ಇದ್ದರೂ ‘ಎವ್ರಿ’ಯದೇ ಮೇಲುಗೈ.

ಇನ್ನೊಂದು ನಮ್ಮದೇ ಅಭ್ಯಾಸ, ಗೌರವದ ಬಹುವಚನ. ‘ಅಮ್ಮ ಬಂದಿದ್ದಾರೆ’, ‘ಮೇಷ್ಟ್ರು ಹೇಳುತ್ತಾರೆ’. ಇಂಗ್ಲಿಷ್ ಕ್ರಿಯಾಪದಕ್ಕೆ ಗೌರವ ತೋರಿಸಲು ಬರುವುದಿಲ್ಲ. ಎಷ್ಟೇ ದೊಡ್ಡವರಾದರೂ ‘ಮೈ ಮದರ್ ಈಸ್’, ‘ದಿ ಪ್ರೆಸಿಡೆಂಟ್ ಈಸ್’.

‘ಎ ನಂಬರ್ ಆಫ್ ಪೀಪಲ್ ಆರ್’, ಆದರೆ ‘ದಿ ನಂಬರ್ ಆಫ್ ಪೀಪಲ್ ಈಸ್’. ಮೊದಲನೆಯದು ‘ಹಲವು ಜನ’. ಎರಡನೆಯದು ‘ಜನರ ಸಂಖ್ಯೆ’. ಹೀಗೆ ನೋಡಿದರೆ ನೆನಪಿಟ್ಟುಕೊಳ್ಳಲು ಏನೂ ಉಳಿಯುವುದಿಲ್ಲ.

ಹಾಫ್, ಸಮ್, ಮೋಸ್ಟ್, ಆಲ್ ಮಾತ್ರ ಬೇರೆ ಜಾತಿ. ಅರ್ಧ ಎಂದರೆ ಯಾವುದರ ಅರ್ಧ ಎಂದು ತಿಳಿಯದೆ ಎಣಿಸಲು ಆಗುವುದಿಲ್ಲ. ಹಾಗಾಗಿ ಇಲ್ಲಿ ‘ಆಫ್’ ನಂತರ ಬರುವುದನ್ನೇ ನೋಡಬೇಕು. ‘ಹಾಫ್ ಆಫ್ ದಿ ವಾಟರ್ ಈಸ್’, ‘ಹಾಫ್ ಆಫ್ ದಿ ಬಾಟಲ್ಸ್ ಆರ್’. ಪ್ರಯಾಣಿಕನೇ ಸ್ಟೀರಿಂಗ್ ಹಿಡಿಯುವ ಒಂದು ಸಂದರ್ಭ.

ದೂರ, ಕಾಲ, ಹಣ ಇವುಗಳನ್ನು ಒಟ್ಟು ಮೊತ್ತವಾಗಿ ನೋಡಿದರೆ ಏಕವಚನ. ‘ಟೆನ್ ಕಿಲೋಮೀಟರ್ಸ್ ಈಸ್ ಎ ಲಾಂಗ್ ವಾಕ್.’

## ಮೇಲುನೋಟಕ್ಕೆ ಬೇರೆ, ಒಳಗೆ ಬೇರೆ

ನ್ಯೂಸ್, ಮ್ಯಾಥಮ್ಯಾಟಿಕ್ಸ್, ಫಿಸಿಕ್ಸ್, ಮೀಸಲ್ಸ್ ಇವುಗಳ ಕೊನೆಯಲ್ಲಿ ‘ಎಸ್’ ಇದ್ದರೂ ಏಕವಚನ. ಪೊಲೀಸ್, ಪೀಪಲ್, ಕ್ಯಾಟಲ್ ಇವುಗಳಲ್ಲಿ ಬಹುವಚನದ ‘ಎಸ್’ ಇಲ್ಲದಿದ್ದರೂ ಬಹುವಚನ: ‘ದಿ ಪೊಲೀಸ್ ಆರ್ ಕಮಿಂಗ್’. ಕತ್ತರಿ ಒಂದೇ ಇದ್ದರೂ ‘ದಿ ಸಿಸರ್ಸ್ ಆರ್’. ಪ್ಯಾಂಟು ಒಂದೇ ಇದ್ದರೂ ‘ದಿ ಟ್ರೌಸರ್ಸ್ ಆರ್’. ಎರಡು ಭಾಗ ಸೇರಿದ ವಸ್ತುಗಳು ಎನ್ನುವುದು ಇದರ ಹಿಂದಿನ ತರ್ಕ. ಫರ್ನಿಚರ್, ಲಗೇಜ್, ಇನ್ಫರ್ಮೇಷನ್, ಅಡ್ವೈಸ್, ಇಕ್ವಿಪ್‌ಮೆಂಟ್ ಇವುಗಳನ್ನು ಇಂಗ್ಲಿಷ್ ನೀರಿನ ಹಾಗೆ ಎಣಿಸಲಾಗದ ಪದಾರ್ಥ ಎಂದು ನೋಡುತ್ತದೆ. ಕನ್ನಡದಲ್ಲಿ ‘ಮಾಹಿತಿಗಳು’, ‘ಸಾಮಾನುಗಳು’ ಸಲೀಸು. ಇಂಗ್ಲಿಷ್‌ನಲ್ಲಿ ‘ಫರ್ನಿಚರ್ಸ್ ಆರ್’ ನಡೆಯುವುದಿಲ್ಲ.

ಟೀಮ್, ಗವರ್ನಮೆಂಟ್, ಕಮಿಟಿ ಥರದ ಗುಂಪುಗಳ ವಿಷಯದಲ್ಲಿ ಇಂಗ್ಲಿಷ್‌ನವರಲ್ಲೇ ಒಮ್ಮತವಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ‘ದಿ ಟೀಮ್ ಈಸ್’. ಬ್ರಿಟನ್‌ನಲ್ಲಿ, ಅದರಲ್ಲೂ ಆಟದ ವರದಿಗಳಲ್ಲಿ, ‘ದಿ ಟೀಮ್ ಆರ್’ ಧಾರಾಳವಾಗಿ ಬರುತ್ತದೆ. ಗುಂಪನ್ನು ಒಂದು ಘಟಕವಾಗಿ ನೋಡಿದರೆ ಏಕವಚನ, ಒಳಗಿನ ಜನರನ್ನು ನೋಡಿದರೆ ಬಹುವಚನ. ನಿಮ್ಮದು ಯಾವುದೇ ಇರಲಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ. ‘ಡೇಟಾ’ ಲ್ಯಾಟಿನ್ ಮೂಲದಲ್ಲಿ ಬಹುವಚನ. ಈಗ ‘ಡೇಟಾ ಈಸ್’ ಕೂಡ ಎಲ್ಲೆಡೆ ಬಳಕೆಯಲ್ಲಿದೆ, ವಿಜ್ಞಾನದ ಬರಹಗಳಲ್ಲಿ ‘ಡೇಟಾ ಆರ್’ ಇನ್ನೂ ಸಿಗುತ್ತದೆ.

ಎಣಿಕೆ ಕಾಲಕ್ಕೆ ತಕ್ಕಂತೆ ಬದಲಾಗುವುದೂ ಉಂಟು. ‘ದಿ ಯುನೈಟೆಡ್ ಸ್ಟೇಟ್ಸ್’ ಈಗ ಏಕವಚನ. ಆದರೆ 1865ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ ಅಮೆರಿಕ ಸಂವಿಧಾನದ 13ನೇ ತಿದ್ದುಪಡಿಯಲ್ಲಿ ಯುನೈಟೆಡ್ ಸ್ಟೇಟ್ಸ್ ಅನ್ನು ‘ಇಟ್ಸ್’ ಎಂದು ಹೇಳದೆ ‘ದೇರ್’, ಅಂದರೆ ‘ಅವುಗಳ’ ಎಂದೇ ಹೇಳಲಾಗಿದೆ. ಒಂದು ದೇಶ ಎನ್ನುವುದಕ್ಕಿಂತ ಹಲವು ರಾಜ್ಯಗಳು ಎಂಬ ಭಾವನೆ ಆಗ ವ್ಯಾಕರಣದಲ್ಲೂ ಇತ್ತು.

## ‘ಇಫ್ ಐ ವರ್ ಯು’

ಕೊನೆಗೆ, ನಿಯಮ ಮುರಿದಂತೆ ಕಾಣುವ ಕೆಲವು ವಾಕ್ಯಗಳು. ‘ಐ’ ಜೊತೆಗೆ ‘ವಾಸ್’ ಬರಬೇಕು, ಆದರೂ ‘ಇಫ್ ಐ ವರ್ ಯು’ ಸರಿ. ‘ಐ ಸಜೆಸ್ಟ್ ದ್ಯಾಟ್ ಹಿ ಗೋ’ ಎಂಬಲ್ಲಿ ‘ಹಿ’ ಇದ್ದರೂ ‘ಗೋಸ್’ ಇಲ್ಲ. ‘ಗಾಡ್ ಸೇವ್ ದಿ ಕಿಂಗ್’ ಎಂಬಲ್ಲೂ ‘ಸೇವ್ಸ್’ ಇಲ್ಲ. ಇವು ನಡೆದದ್ದನ್ನು ಹೇಳುವ ವಾಕ್ಯಗಳಲ್ಲ. ಕಲ್ಪನೆ, ಸಲಹೆ, ಹಾರೈಕೆ. ಇಂಥ ಕಡೆ ಇಂಗ್ಲಿಷ್ ಬೇರೆ ರೂಪ ಬಳಸುತ್ತಿತ್ತು, ಅದರ ಉಳಿಕೆಗಳಿವು.

ಇದೂ ನಮಗೆ ಅಪರಿಚಿತವಲ್ಲ. ‘ಗಾಡ್ ಸೇವ್’ ಎಂದರೆ ‘ದೇವರು ಕಾಪಾಡಲಿ’. ಆ ‘ಅಲಿ’ ಬಂದರೆ ಕನ್ನಡದಲ್ಲೂ ಹೊಂದಾಣಿಕೆ ನಿಂತುಹೋಗುತ್ತದೆ. ಅವನು ಹೋಗಲಿ, ಅವಳು ಹೋಗಲಿ, ಅವರು ಹೋಗಲಿ. ‘ಇಫ್’ ಕಡೆಗೂ ಹಾಗೆಯೇ: ನಾನು ಹೋದರೆ, ನೀವು ಹೋದರೆ, ಅವು ಹೋದರೆ.